ಮನಸ್ಸು ಬರಲಿ ಅಂತ ಕಾದರೆ ಮನಸ್ಸು ಯಾಕೆ ಬರುವುದಿಲ್ಲ

ನಾಲ್ಕು ವರ್ಷ ದಿನಾ ಬೆಳಗ್ಗೆ ನುಡಿಸುತ್ತಿದ್ದ ಕೊಳಲು ಒಂದು ದಿನ ಚೀಲದೊಳಗೆ ಹೋಯಿತು. ಎಂಟು ತಿಂಗಳು ಹೊರಗೆ ಬರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಬೆರಳಿಗೆ ಏನೂ ಆಗಿರಲಿಲ್ಲ, ಹೊತ್ತೂ ಇತ್ತು. ಕಪಾಟಿನ ಬಾಗಿಲು ತೆಗೆದಾಗೆಲ್ಲ ಆ ಉದ್ದನೆಯ ಬಟ್ಟೆ ಚೀಲ ಕಣ್ಣಿಗೆ ಬೀಳುತ್ತಿತ್ತು. ನಾಳೆ ತೆಗೆಯೋಣ ಅಂದುಕೊಂಡು ಬಾಗಿಲು ಹಾಕುತ್ತಿದ್ದೆ. ಬರಬರುತ್ತಾ ಆ ಕಪಾಟನ್ನು ತೆಗೆಯುವುದೇ ಕಡಿಮೆ ಮಾಡಿದೆ.

ಇಂಥದ್ದು ನಿಮಗೂ ಆಗಿರಬಹುದು. ಕೊಳಲಿನ ಜಾಗದಲ್ಲಿ ಬರವಣಿಗೆ ಇರಬಹುದು, ಓದು ಇರಬಹುದು, ಓಟ ಇರಬಹುದು, ಸಂಬಳ ಕೊಡುವ ಕೆಲಸವೇ ಇರಬಹುದು. ಒಂದು ಕಾಲದಲ್ಲಿ ಯಾರೂ ಹೇಳದೆ ಎದ್ದು ಮಾಡುತ್ತಿದ್ದದ್ದು ಈಗ ಕಣ್ಣೆದುರಿಗೇ ಇದ್ದರೂ ಕೈ ಮುಂದೆ ಹೋಗುವುದಿಲ್ಲ. ಆಗ ನಮಗೆ ನಾವೇ ಇಟ್ಟುಕೊಳ್ಳುವ ಹೆಸರು ಸೋಮಾರಿ. ಆ ಹೆಸರು ತಪ್ಪು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು. ಹುರುಪು ಅನ್ನುವುದು ಮೆದುಳಲ್ಲಿ ಹೇಗೆ ಹುಟ್ಟುತ್ತದೆ, ಹೇಗೆ ಆರುತ್ತದೆ ಅಂತ ಸ್ವಲ್ಪ ತಿಳಿದುಕೊಂಡರೆ ಆ ಹೆಸರು ಯಾಕೆ ಹೊಂದುವುದಿಲ್ಲ ಅಂತ ಗೊತ್ತಾಗುತ್ತದೆ, ಹುರುಪನ್ನು ವಾಪಸ್ ತರುವ ದಾರಿಯೂ ಅಲ್ಲೇ ಕಾಣುತ್ತದೆ.

ಇಷ್ಟ ಬೇರೆ, ಹುರುಪು ಬೇರೆ

ಹುರುಪು ಹೋದವರಿಗೆ ಜಾಸ್ತಿ ಗೊಂದಲ ಮಾಡುವ ವಿಷಯ ಇದು: "ನನಗೆ ಇದು ಇಷ್ಟವೇ, ಆದರೂ ಮಾಡಲು ಆಗುತ್ತಿಲ್ಲ. ಹಾಗಾದರೆ ನಿಜವಾಗಿ ಇಷ್ಟ ಇರಲೇ ಇಲ್ವಾ?" ಇತ್ತು. ಈಗಲೂ ಇದೆ. ಇಷ್ಟಪಡುವುದು ಮತ್ತು ಬೇಕು ಅನ್ನಿಸಿ ಎದ್ದು ಹೊರಡುವುದು, ಇವೆರಡನ್ನೂ ಮೆದುಳು ಬೇರೆ ಬೇರೆ ಕಡೆ ನಡೆಸುತ್ತದೆ.

ಇದನ್ನು ತೋರಿಸಿಕೊಟ್ಟವರಲ್ಲಿ ಮುಖ್ಯರು ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್. ಅವರ ತಂಡ ಇಲಿಗಳ ಮೆದುಳಿನಲ್ಲಿ ಡೋಪಮೈನ್ ಅನ್ನುವ ರಾಸಾಯನಿಕವನ್ನು ಹೆಚ್ಚುಕಮ್ಮಿ ಪೂರ್ತಿ ಇಲ್ಲದಂತೆ ಮಾಡಿ ನೋಡಿತು. ಆ ಇಲಿಗಳು ಎದುರಿಗೆ ಆಹಾರ ಇದ್ದರೂ ತಾವಾಗಿ ತಿನ್ನಲು ಹೋಗಲಿಲ್ಲ. ಆದರೆ ಬಾಯಿಗೇ ಸಕ್ಕರೆ ನೀರು ಬಿಟ್ಟಾಗ ಮಾಮೂಲಿ ಇಲಿಗಳ ಹಾಗೆಯೇ ತುಟಿ ಚಪ್ಪರಿಸಿದವು. ರುಚಿ ಹಾಗೆಯೇ ಉಳಿದಿತ್ತು, ಎದ್ದು ಹೋಗಿ ತಿನ್ನುವ ಎಳೆತ ಮಾತ್ರ ಹೋಗಿತ್ತು. ನಮಗೆ ಹುರುಪು ಹೋದಾಗ ಆಗುವುದೂ ಬಹುಪಾಲು ಇದೇ ಜಾತಿಯದ್ದು. ಬೇರೆಯವರು ನುಡಿಸುವ ಕೊಳಲು ಕೇಳಿದರೆ ಆ ಎಂಟು ತಿಂಗಳೂ ನನಗೆ ಮೈ ಜುಮ್ಮೆನ್ನುತ್ತಿತ್ತು, ನನ್ನ ಕೊಳಲು ಎತ್ತಿಕೊಳ್ಳಲು ಮಾತ್ರ ಆಗುತ್ತಿರಲಿಲ್ಲ.

ಡೋಪಮೈನ್ ಅಂದರೆ ಖುಷಿಯ ರಾಸಾಯನಿಕ ಅಂತ ಎಲ್ಲ ಕಡೆ ಬರೆಯುತ್ತಾರೆ. ಆ ಮಾತು ಪೂರ್ತಿ ಸರಿಯಲ್ಲ. ಅದು ಮಾಡುವ ದೊಡ್ಡ ಕೆಲಸ ಒಂದು ಥರದ ಲೆಕ್ಕ: ಇಷ್ಟು ಕಷ್ಟಪಟ್ಟರೆ ಏನು ಸಿಗುತ್ತದೆ, ಸಿಗುವುದು ಆ ಕಷ್ಟಕ್ಕೆ ಸಾಲುತ್ತದಾ? ಜಾನ್ ಸಲಮೋನ್ ಅನ್ನುವ ವಿಜ್ಞಾನಿ ಇದಕ್ಕೆ ಮಾಡಿದ ಪ್ರಯೋಗ ನನಗೆ ತುಂಬಾ ಹಿಡಿಸಿದ್ದು. ಕವಲೊಡೆದ ಒಂದು ದಾರಿ, ಇಲಿ ಯಾವ ಕಡೆ ಬೇಕಾದರೂ ಹೋಗಬಹುದು. ಒಂದು ಕಡೆ ಜಾಸ್ತಿ ತಿಂಡಿ, ಆದರೆ ನಡುವೆ ಹತ್ತಿ ದಾಟಬೇಕಾದ ತಡೆಗೋಡೆ. ಇನ್ನೊಂದು ಕಡೆ ಸ್ವಲ್ಪವೇ ತಿಂಡಿ, ತಡೆ ಏನೂ ಇಲ್ಲ. ಮಾಮೂಲಿ ಇಲಿಗಳು ಗೋಡೆ ಹತ್ತಿ ಜಾಸ್ತಿ ಇರುವ ಕಡೆಗೇ ಹೋಗುತ್ತಿದ್ದವು. ಡೋಪಮೈನ್ ತಗ್ಗಿಸಿದ ಇಲಿಗಳು ಸುಲಭದ ಕಡೆಗೆ ಹೋಗಿ ಸಿಕ್ಕಷ್ಟು ತಿಂದು ಸುಮ್ಮನಾದವು. ಗೋಡೆಯನ್ನು ತೆಗೆದರೆ? ಇವೇ ಇಲಿಗಳು ಜಾಸ್ತಿ ತಿಂಡಿ ಇರುವ ಕಡೆಗೇ ಓಡಿದವು. ಅಂದರೆ ಯಾವುದು ಒಳ್ಳೆಯದು ಅಂತ ಅವಕ್ಕೆ ಚೆನ್ನಾಗಿ ಗೊತ್ತಿತ್ತು, ಅದಕ್ಕಾಗಿ ಗೋಡೆ ಹತ್ತುವ ಮನಸ್ಸು ಮಾತ್ರ ಇರಲಿಲ್ಲ.

ಹುರುಪು ಹೋದ ಕಾಲದಲ್ಲಿ ಗಂಟೆಗಟ್ಟಲೆ ಫೋನ್ ನೋಡುತ್ತಾ ಬಿದ್ದುಕೊಳ್ಳುವುದು ಇದೇ ಅಲ್ವಾ? ಆ ವಿಡಿಯೋಗಳು ಅಷ್ಟೇನೂ ಚೆನ್ನಾಗಿಲ್ಲ ಅಂತ ನಮಗೂ ಗೊತ್ತು. ಅಲ್ಲಿ ಗೋಡೆ ಇಲ್ಲ, ಅಷ್ಟೇ.

ಲೆಕ್ಕ ತಪ್ಪುವುದು ಎಲ್ಲಿ

ಈ ಲೆಕ್ಕವನ್ನು ಮೆದುಳು ಹೇಗೆ ಇಟ್ಟುಕೊಳ್ಳುತ್ತದೆ ಅನ್ನುವುದಕ್ಕೆ ಇನ್ನೊಂದು ಪ್ರಯೋಗ ಹೇಳಲೇಬೇಕು. ವೋಲ್ಫ್‌ರಾಮ್ ಶುಲ್ಟ್ಸ್ ಕೋತಿಗಳ ಡೋಪಮೈನ್ ನರಕೋಶಗಳನ್ನು ಒಂದೊಂದಾಗಿ ಗಮನಿಸಿದರು. 1997ರಲ್ಲಿ ಪೀಟರ್ ದಯಾನ್ ಮತ್ತು ರೀಡ್ ಮಾಂಟೆಗ್ಯೂ ಜೊತೆ ಸೇರಿ ಅವರು ಪ್ರಕಟಿಸಿದ ಲೇಖನ ಈ ವಿಷಯದಲ್ಲಿ ಇವತ್ತಿಗೂ ದೊಡ್ಡ ಆಧಾರ. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ನರಕೋಶ ಚುರುಕಾಯಿತು. ದೀಪ ಹತ್ತಿದ ಮೇಲೆ ರಸ ಬರುತ್ತದೆ ಅಂತ ಕೋತಿ ಕಲಿತ ಮೇಲೆ ನರಕೋಶ ದೀಪಕ್ಕೇ ಚುರುಕಾಗತೊಡಗಿತು, ರಸ ಬಂದಾಗ ಏನೂ ಇಲ್ಲ. ದೀಪ ಹತ್ತಿಯೂ ರಸ ಬರದಿದ್ದರೆ, ರಸ ಬರಬೇಕಿದ್ದ ಅದೇ ಹೊತ್ತಿಗೆ ಅದರ ಚಟುವಟಿಕೆ ಮಾಮೂಲಿ ಮಟ್ಟಕ್ಕಿಂತ ಕೆಳಗಿಳಿಯಿತು. ಸಿಕ್ಕಿದ್ದಷ್ಟನ್ನೇ ಅದು ಬರೆದಿಡುವುದಿಲ್ಲ. ಅಂದುಕೊಂಡದ್ದಕ್ಕೂ ಸಿಕ್ಕಿದ್ದಕ್ಕೂ ಇರುವ ವ್ಯತ್ಯಾಸವನ್ನು ಬರೆದಿಡುತ್ತದೆ.

ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ ಇದೆಯಲ್ಲ, ಮೆದುಳು ನಂಬಿಕೊಂಡು ಕೆಲಸ ಮಾಡುವುದು ಹೆಚ್ಚುಕಮ್ಮಿ ಅದನ್ನೇ. ಕೆಸರಿಗೂ ಮೊಸರಿಗೂ ಸಂಬಂಧ ಇದೆ ಅನ್ನುವ ನಂಬಿಕೆ ಗಟ್ಟಿ ಇರುವ ತನಕ ಕೈ ತಾನಾಗಿ ಕೆಸರಿಗಿಳಿಯುತ್ತದೆ. ಮತ್ತೆ ಮತ್ತೆ ಇಳಿದೂ ಏನೂ ಸಿಗದಿದ್ದರೆ, ಅಥವಾ ಅಂದುಕೊಂಡದ್ದಕ್ಕಿಂತ ಸದಾ ಕಡಿಮೆಯೇ ಸಿಕ್ಕರೆ, ಕೈ ನಿಲ್ಲುತ್ತದೆ. ಅದು ಮೆದುಳಿನ ಮಟ್ಟಿಗೆ ಜಾಣತನವೇ. ಫಲ ಕೊಡದ ಕಡೆ ಶಕ್ತಿ ಖರ್ಚು ಮಾಡದಂತೆ ಕಾಯುವುದು ಅದರ ಕೆಲಸ. ತೊಂದರೆ ಏನೆಂದರೆ ಆ ಲೆಕ್ಕ ಹಳೆಯದಾದ ಮೇಲೂ ಅದನ್ನೇ ಹಿಡಿದುಕೊಂಡು ಕೂರುತ್ತದೆ.

ಈ ಸಂಬಂಧ ಕಡಿದುಹೋಗುವುದು ಒಂದೇ ರೀತಿಯಲ್ಲಲ್ಲ. ನಿಮ್ಮದು ಯಾವ ರೀತಿ ಅಂತ ಹುಡುಕಿಕೊಳ್ಳದೆ ಸುಮ್ನೆ ಉತ್ಸಾಹ ತುಂಬುವ ಭಾಷಣ ಕೇಳಿಕೊಂಡರೆ ಆ ಉತ್ಸಾಹ ಸಂಜೆಯ ತನಕವೂ ಉಳಿಯುವುದಿಲ್ಲ.

ಎಷ್ಟು ಮಾಡಿದರೂ ಏನೂ ಬದಲಾಗದೆ ಕಡಿಯುವುದು ಒಂದು. ಹತ್ತು ಕಡೆ ಅರ್ಜಿ ಹಾಕಿ ಉತ್ತರವೇ ಬರದವರು, ವರ್ಷಗಟ್ಟಲೆ ಒಂದೇ ಪರೀಕ್ಷೆಗೆ ಓದಿದವರು, ಮಾಡಿದ ಕೆಲಸವೆಲ್ಲ ಮೇಲಿನವರ ಮೇಜಿನಲ್ಲಿ ಕೊಳೆಯುವುದನ್ನು ನೋಡಿದವರು ಇದನ್ನು ಬಲ್ಲರು. 1967ರಲ್ಲಿ ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೈಯರ್ ನಾಯಿಗಳ ಮೇಲೆ ಮಾಡಿದ, ಓದಿದರೆ ಈಗಲೂ ಹೊಟ್ಟೆ ಹಿಂಡುವ ಪ್ರಯೋಗ ಇದರ ಬಗ್ಗೆಯೇ. ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತ ಅನುಭವಿಸಿದ ನಾಯಿಗಳಲ್ಲಿ ಬಹಳಷ್ಟು, ಆಮೇಲೆ ಸುಲಭವಾಗಿ ತಪ್ಪಿಸಿಕೊಳ್ಳುವ ಜಾಗದಲ್ಲಿ ಬಿಟ್ಟರೂ ಪ್ರಯತ್ನ ಮಾಡಲಿಲ್ಲ. ಅಸಹಾಯಕತೆಯನ್ನು ಪ್ರಾಣಿ ಕಲಿಯುತ್ತದೆ ಅಂತ ಆಗ ಅವರು ಹೇಳಿದರು. ಕುತೂಹಲ ಅಂದರೆ ಸುಮಾರು ಐವತ್ತು ವರ್ಷ ಕಳೆದು, 2016ರಲ್ಲಿ, ಮೆದುಳಿನ ಹೊಸ ಅಧ್ಯಯನಗಳನ್ನು ಇಟ್ಟುಕೊಂಡು ಇದೇ ಇಬ್ಬರು ತಮ್ಮ ಮಾತನ್ನು ತಿರುಗಿಸಿ ಬರೆದರು. ದೀರ್ಘ ಕಷ್ಟದಲ್ಲಿ ಕೈಚೆಲ್ಲಿ ಕೂರುವುದು ಮೆದುಳಿಗೆ ಹುಟ್ಟಿನಿಂದಲೇ ಬಂದಿರುವ ಪ್ರತಿಕ್ರಿಯೆ, ಅದನ್ನು ಕಲಿಯಬೇಕಿಲ್ಲ. ಕಲಿಯಬೇಕಾದ್ದು 'ಇದು ನನ್ನ ಹಿಡಿತದಲ್ಲಿದೆ' ಅನ್ನುವುದನ್ನು. ನಾನು ಮಾಡಿದ್ದರಿಂದ ಏನೋ ಬದಲಾಯಿತು ಅಂತ ಕಂಡುಕೊಂಡಾಗ ಮೆದುಳಿನ ಮುಂಭಾಗ ಆ ಕೈಚೆಲ್ಲುವ ಪ್ರತಿಕ್ರಿಯೆಯನ್ನು ಅದುಮುತ್ತದೆ.

ಈ ತಿದ್ದುಪಡಿ ನನಗೆ ದೊಡ್ಡ ಸಮಾಧಾನ ಕೊಟ್ಟಿತು. ಯಾಕೆಂದರೆ ಆಗ ಪ್ರಶ್ನೆಯೇ ಬದಲಾಗುತ್ತದೆ. ನನ್ನಲ್ಲಿ ಏನು ಕೆಟ್ಟಿದೆ ಅಂತ ಹುಡುಕುವ ಬದಲು, ನನ್ನ ಕೈಯಿಂದ ಬದಲಾಗುವಂಥದ್ದು ಇವತ್ತು ಯಾವುದಿದೆ ಅಂತ ಹುಡುಕಬಹುದು.

ಇನ್ನೊಂದು ರೀತಿ, ನನಗೆ ಆದದ್ದು, ಹೊರಗಿನ ಬಹುಮಾನ ಒಳಗಿನ ಕಾರಣವನ್ನು ತಿಂದುಹಾಕುವುದು. ನಾಲ್ಕು ವರ್ಷದಲ್ಲಿ ಮೂರು ವರ್ಷ ನಾನು ಯಾರಿಗೂ ಕೇಳಿಸಲು ನುಡಿಸಿದವನಲ್ಲ. ನಾಲ್ಕನೇ ವರ್ಷ ಫೋನಿನಲ್ಲಿ ರೆಕಾರ್ಡ್ ಮಾಡಿ ಹಾಕತೊಡಗಿದೆ. ಮೊದಲ ವಿಡಿಯೋ ತುಂಬಾ ಜನ ನೋಡಿದರು. ಎರಡನೆಯದನ್ನು ಅದಕ್ಕಿಂತ ಕಡಿಮೆ. ಆಮೇಲೆ ನುಡಿಸುವಾಗಲೇ ಎಷ್ಟು ಜನ ನೋಡಬಹುದು ಅನ್ನುವ ಯೋಚನೆ. ಒಂದು ಸ್ವರ ತಪ್ಪಿದರೆ ಮೊದಲಿಂದ ರೆಕಾರ್ಡ್. ಕೊನೆಯ ವಿಡಿಯೋ ಹಾಕಿದ ರಾತ್ರಿ ಹನ್ನೊಂದು ಸಲ ಫೋನ್ ತೆಗೆದು ನೋಡಿದೆ, ನೆನಪಿದೆ. ಕೊಳಲು ಚೀಲಕ್ಕೆ ಹೋದದ್ದು ಅದಾಗಿ ಮೂರು ದಿನಕ್ಕೆ.

1971ರಲ್ಲಿ ಎಡ್ವರ್ಡ್ ಡೆಸಿ ಪ್ರಕಟಿಸಿದ ಪ್ರಯೋಗ ಓದಿದಾಗ ಇದು ನನ್ನೊಬ್ಬನ ಕಥೆಯಲ್ಲ ಅಂತ ತಿಳಿಯಿತು. ಸೋಮಾ ಅನ್ನುವ, ತುಂಡುಗಳನ್ನು ಜೋಡಿಸುವ ಒಗಟನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟರು. ಮೂರು ಸಲ ಕೂರಿಸಿದರು. ನಡುವಿನ ಸಲ ಒಂದು ಗುಂಪಿಗೆ ಬಿಡಿಸಿದ ಪ್ರತಿ ಒಗಟಿಗೂ ಒಂದು ಡಾಲರ್. ಪ್ರತಿ ಸಲವೂ ನಡುವೆ ಪ್ರಯೋಗ ಮಾಡುವವರು ಎಂಟು ನಿಮಿಷ ಕೋಣೆಯಿಂದ ಹೊರಗೆ ಹೋಗುತ್ತಿದ್ದರು. ಓದಲು ಪತ್ರಿಕೆಗಳೂ ಅಲ್ಲಿದ್ದವು. ಆ ಬಿಡುವಿನಲ್ಲಿ ಯಾರು ಸುಮ್ನೆ ಖುಷಿಗಾಗಿ ಒಗಟು ಬಿಡಿಸುತ್ತಾ ಕೂರುತ್ತಾರೆ ಅನ್ನುವುದೇ ನಿಜವಾದ ಲೆಕ್ಕ. ದುಡ್ಡು ಪಡೆದವರು, ದುಡ್ಡು ನಿಂತ ಮೂರನೇ ಸಲ, ಮೊದಲ ಸಲಕ್ಕಿಂತ ಕಡಿಮೆ ಹೊತ್ತು ಅದನ್ನು ಮುಟ್ಟಿದರು. 1973ರಲ್ಲಿ ಮಾರ್ಕ್ ಲೆಪರ್ ಮತ್ತು ಜೊತೆಗಾರರು ಚಿತ್ರ ಬರೆಯಲು ಇಷ್ಟಪಡುವ ಪುಟ್ಟ ಮಕ್ಕಳಲ್ಲಿ ಇದನ್ನೇ ಕಂಡರು. ಬರೆದರೆ ಪ್ರಶಸ್ತಿ ಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿಸಿಕೊಂಡ ಮಕ್ಕಳು, ಒಂದೆರಡು ವಾರ ಕಳೆದ ಮೇಲೆ ಉಳಿದ ಮಕ್ಕಳ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆದರು. ಹೇಳದೆ ಕೇಳದೆ ಕೊನೆಗೆ ಅದೇ ಪತ್ರ ಪಡೆದ ಮಕ್ಕಳಿಗೆ ಹಾಗಾಗಲಿಲ್ಲ. ತೊಂದರೆ ಬಹುಮಾನದ್ದಲ್ಲ, ಬಹುಮಾನವೇ ಕಾರಣವಾಗಿ ಕೂತುಬಿಡುವುದರದ್ದು. ಆ ಕಾರಣ ಹೋದ ದಿನ ಹಳೆಯ ಕಾರಣ ತಾನಾಗಿ ಎದ್ದು ಬರುವುದಿಲ್ಲ.

ಹಾಗಂತ ಹೊಗಳಿಕೆ, ಗುರುತಿಸುವಿಕೆ ಎಲ್ಲ ವಿಷ ಅಂತಲ್ಲ. ಡೆಸಿ ಮತ್ತು ಜೊತೆಗಾರರು 1999ರಲ್ಲಿ ಇಂಥ 128 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದಾಗ, ಒಳ್ಳೆಯ ಮಾತು ಆಸಕ್ತಿಯನ್ನು ಹೆಚ್ಚಿಸುತ್ತದೆ ಅನ್ನುವುದೂ ಕಂಡಿತು. ಇಂತಿಷ್ಟು ಮಾಡಿದರೆ ಇಂತಿಷ್ಟು ಅಂತ ಕಟ್ಟಿಹಾಕುವ ಬಹುಮಾನವೇ ಹಾನಿ ಮಾಡಿದ್ದು.

ಮೂರನೆಯದು ದಣಿವು, ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಆದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಪಟ್ಟ ಸ್ಥಿತಿ ಅಂತ ವಿವರಿಸಿತು: ಶಕ್ತಿ ಬತ್ತಿಹೋಗುವುದು, ಕೆಲಸದ ಮೇಲೆ ಜುಗುಪ್ಸೆ ಅಥವಾ ದೂರ, ನನ್ನಿಂದ ಸರಿಯಾಗಿ ಆಗುತ್ತಿಲ್ಲ ಅನ್ನುವ ಭಾವ. ಹೀಗಿರುವವರಿಗೆ ಮುಂದೆ ನಾನು ಹೇಳುವ ಯಾವ ಉಪಾಯಕ್ಕಿಂತಲೂ ಮೊದಲು ಬೇಕಾದ್ದು ಹೊರೆ ಇಳಿಸುವುದು. ಬೆನ್ನು ಮುರಿಯುವಷ್ಟು ಹೊತ್ತವರಿಗೆ ಬೇಗ ನಡೆಯುವುದು ಹೇಗೆ ಅಂತ ಹೇಳಿಕೊಡುವುದು ಕ್ರೂರ.

ಮತ್ತೆ ದೇಹ. ಥೈರಾಯ್ಡ್ ಕಡಿಮೆಯಾದಾಗ, ರಕ್ತಹೀನತೆ ಇದ್ದಾಗ, ಬಿ12 ಕೊರತೆಯಲ್ಲಿ, ನಿದ್ದೆ ಕೆಟ್ಟಾಗ ಯಾವುದರಲ್ಲೂ ಮನಸ್ಸಿಲ್ಲದ ಹಾಗೆ ಆಗುತ್ತದೆ, ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ವಿಷಯಕ್ಕೆ ವರ್ಷಗಟ್ಟಲೆ ತಮ್ಮನ್ನು ಬೈದುಕೊಂಡವರು ಇದ್ದಾರೆ. ಒಂದು ಕೆಲಸದಲ್ಲಿ ಮಾತ್ರ ಹುರುಪು ಹೋಗಿದೆಯೋ, ಎಲ್ಲದರಲ್ಲೂ ಹೋಗಿದೆಯೋ ಅಂತ ನೋಡಿಕೊಳ್ಳಿ. ಯಾವುದೂ ಖುಷಿ ಕೊಡುತ್ತಿಲ್ಲ, ನಿದ್ದೆ ಹಸಿವು ಏರುಪೇರಾಗಿದೆ, ಇದು ಎರಡು ವಾರ ದಾಟಿದೆ, ಬದುಕೇ ಬೇಡ ಅನ್ನುವ ಯೋಚನೆ ಬರುತ್ತಿದೆ ಅಂದರೆ ಅದು ಖಿನ್ನತೆ ಇರಬಹುದು. ಆ ಕೊನೆಯ ಯೋಚನೆ ಬಂದಿದ್ದರೆ ಎರಡು ವಾರ ಕಾಯುವುದೂ ಬೇಡ, ಇವತ್ತೇ ಯಾರಿಗಾದರೂ ಹೇಳಿ, ವೈದ್ಯರನ್ನು ನೋಡಿ. ಅದಕ್ಕೆ ಚಿಕಿತ್ಸೆ ಇದೆ.

ಮೊದಲು ಕೈ, ಆಮೇಲೆ ಮನಸ್ಸು

ಮನಸ್ಸಿದ್ದರೆ ಮಾರ್ಗ ಅನ್ನುತ್ತೇವೆ. ಹುರುಪು ಹೋದವರಿಗೆ ಈ ಗಾದೆ ತಲೆಕೆಳಗಾಗಿ ನಿಂತಿರುತ್ತದೆ: ಮನಸ್ಸೇ ಇಲ್ಲ, ಮಾರ್ಗ ಎಲ್ಲಿಂದ? ಆದರೆ ಮೇಲಿನದ್ದನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿಷಯ ಕಾಣುತ್ತದೆ. ಬೇಕು ಅನ್ನುವ ಎಳೆತ ಹುಟ್ಟುವುದು 'ಮಾಡಿದರೆ ಸಿಗುತ್ತದೆ' ಅನ್ನುವ ಹಳೆಯ ಅನುಭವದಿಂದ. ಆ ಅನುಭವದ ದಾಸ್ತಾನು ಖಾಲಿಯಾಗಿದೆ. ಅದನ್ನು ಮತ್ತೆ ತುಂಬಬೇಕಾದರೆ ಮಾಡಬೇಕು. ಮನಸ್ಸು ಬಂದ ಮೇಲೆ ಮಾಡುತ್ತೇನೆ ಅಂತ ಕೂತವರು ಬೆಳೆ ಬಂದ ಮೇಲೆ ಬಿತ್ತುತ್ತೇನೆ ಅಂದ ಹಾಗೆ.

ಇದನ್ನು ಮನೋವೈದ್ಯಕೀಯ ಚಿಕಿತ್ಸೆಯಲ್ಲೇ ಬಳಸುತ್ತಾರೆ. 1970ರ ದಶಕದಲ್ಲಿ ಪೀಟರ್ ಲೆವಿನ್ಸನ್, ಖಿನ್ನತೆಯಲ್ಲಿರುವವರು ಚಟುವಟಿಕೆ ಕಡಿಮೆ ಮಾಡುತ್ತಾ ಹೋಗುತ್ತಾರೆ, ಅದರಿಂದ ಸಿಗುವ ಸಂತೋಷವೂ ಕಡಿಮೆಯಾಗುತ್ತದೆ, ಅದರಿಂದ ಇನ್ನೂ ಕಡಿಮೆ ಮಾಡುತ್ತಾರೆ ಅನ್ನುವ ಸುಳಿಯನ್ನು ಗುರುತಿಸಿದರು. ಸುಳಿಯಿಂದ ಹೊರಬರುವ ಬಾಗಿಲು ಚಟುವಟಿಕೆಯ ಕಡೆಯಿಂದಲೇ, ಮನಸ್ಸು ಹೇಗೇ ಇರಲಿ. 1996ರಲ್ಲಿ ನೀಲ್ ಜೇಕಬ್ಸನ್ ತಂಡ ಇದನ್ನು ಒರೆಗೆ ಹಚ್ಚಿತು. ಯೋಚನೆಗಳನ್ನೂ ತಿದ್ದುವ ಪೂರ್ತಿ ಚಿಕಿತ್ಸೆ ಒಂದು ಕಡೆ, ಬರೀ ಚಟುವಟಿಕೆ ಹೆಚ್ಚಿಸುವ ಭಾಗ ಇನ್ನೊಂದು ಕಡೆ. ಬರೀ ಚಟುವಟಿಕೆಯ ಭಾಗ ಪೂರ್ತಿ ಚಿಕಿತ್ಸೆಯಷ್ಟೇ ಕೆಲಸ ಮಾಡಿತು. ಖಿನ್ನತೆಯಂಥ ಭಾರದ ಸ್ಥಿತಿಯಲ್ಲೇ ಇದು ನಡೆಯುತ್ತದೆ ಅಂದ ಮೇಲೆ ನಮ್ಮ ನಿಮ್ಮ ಬೇಜಾರಿಗೆ ನಡೆಯದೇ ಇರುತ್ತದಾ?

ಆದರೆ ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಎಡವಿದವರಲ್ಲಿ ನಾನೂ ಒಬ್ಬ. ಹುರುಪು ಇದ್ದ ಕಾಲದಲ್ಲಿ ಎಷ್ಟು ಮಾಡುತ್ತಿದ್ದೆವೋ ಅಲ್ಲಿಂದಲೇ ಶುರು ಮಾಡಲು ಹೋಗುತ್ತೇವೆ. ಮೊದಲ ಪ್ರಯತ್ನದಲ್ಲಿ ನಾನು ಹಿಂದಿನ ಹಾಗೆ ಒಂದು ಗಂಟೆ ನುಡಿಸುತ್ತೇನೆ ಅಂತ ಕೂತೆ. ಎಂಟು ತಿಂಗಳು ಬಿಟ್ಟ ತುಟಿಗೆ ಗಾಳಿಯನ್ನು ಸಣ್ಣಗೆ ಹಿಡಿಯುವುದು ಮರೆತಿತ್ತು. ಸ್ವರ ಬರಲಿಲ್ಲ, ಬರೀ ಉಸಿರಿನ ಸದ್ದು. ಎಲ್ಲ ತೂತು ಮುಚ್ಚಿ ಹಿಡಿದಾಗ ಬರುವ ಆ ಕೆಳಗಿನ ಸ್ವರ, ಒಂದು ಬೆರಳು ಕೂದಲೆಳೆಯಷ್ಟು ಜಾರಿದರೂ ಕೀಚಲಾಗುತ್ತದೆ, ಅದು ಕೀಚಲಾಗುತ್ತಲೇ ಇತ್ತು. ಹತ್ತು ನಿಮಿಷಕ್ಕೆ ತಲೆ ತಿರುಗಿತು. ಕೊಳಲು ವಾಪಸ್ ಚೀಲಕ್ಕೆ ಹೋಯಿತು. ಮೆದುಳು ಏನು ಬರೆದುಕೊಂಡಿರುತ್ತದೆ ಹೇಳಿ? ಅಂದುಕೊಂಡದ್ದು ಒಂದು ಗಂಟೆ, ಸಿಕ್ಕಿದ್ದು ಕೀಚಲು. ಸಂಬಂಧ ಇನ್ನಷ್ಟು ಸಡಿಲವಾಯಿತು.

ಎರಡನೇ ಸಲ, ತಿಂಗಳ ಮೇಲೆ, ನಿಯಮ ಬದಲಾಯಿಸಿದೆ. ಚೀಲದಿಂದ ತೆಗೆಯುವುದು, ಒಣಗಿದ ಬಿದಿರಿಗೆ ಎಣ್ಣೆ ಹಚ್ಚುವುದು, ಬಟ್ಟೆಯಿಂದ ಒರೆಸುವುದು, ಮೇಜಿನ ಮೇಲೆ ಇಡುವುದು. ಊದುವ ಹಾಗೇ ಇಲ್ಲ. ಅಷ್ಟು ಮಾಡಿದರೆ ಆ ದಿನದ ಕೆಲಸ ಮುಗಿಯಿತು. ಮರುದಿನ ಒಂದೇ ಸ್ವರ, ಮೇಲಿನ ಮೂರು ತೂತು ಮಾತ್ರ ಮುಚ್ಚಿ, ಐದು ಉಸಿರು. ಮೂರನೇ ಉಸಿರಿಗೆ ಗಾಳಿಯೊಳಗಿಂದ ಸ್ವರ ಸಣ್ಣಗೆ ಬಿಡಿಸಿಕೊಂಡು ಬಂತು. ಕೋಣೆಯಲ್ಲಿ ಯಾರೂ ಇರಲಿಲ್ಲ. ರೆಕಾರ್ಡ್ ಮಾಡಲಿಲ್ಲ. ನಾನು ಊದಿದೆ, ಅದು ಬಂತು.

ಚಿಕ್ಕದಾಗಿ ಶುರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಚಿಕ್ಕದು ಅಂದರೆ ಯಾವ ಥರದ್ದು ಅಂತ ಹೇಳುವವರು ಕಡಿಮೆ. ನನ್ನ ಪ್ರಕಾರ ಅದಕ್ಕೆ ಎರಡು ಗುಣ ಬೇಕು. ಒಂದು, ನಿಮ್ಮ ಕೆಟ್ಟ ದಿನದಲ್ಲೂ ಆಗುವಷ್ಟು ಸಣ್ಣದಿರಬೇಕು. ಎರಡು, ಅದರ ಫಲ ನಿಮ್ಮ ಕೈಯಲ್ಲೇ, ಅಲ್ಲೇ, ಆಗಲೇ ಕಾಣಬೇಕು, ಬೇರೆಯವರ ಒಪ್ಪಿಗೆಗೆ ಕಾಯುವಂತಿರಬಾರದು. 'ಇವತ್ತು ಒಂದು ಅರ್ಜಿ ಕಳಿಸುತ್ತೇನೆ' ಅನ್ನುವುದು ಸಣ್ಣದೇ, ಆದರೆ ಅದರ ಉತ್ತರ ಇನ್ನೊಬ್ಬರ ಕೈಯಲ್ಲಿದೆ. 'ನನ್ನ ಅರ್ಜಿಯ ಮೊದಲ ಪ್ಯಾರಾ ನನಗೇ ಸರಿ ಅನ್ನಿಸುವ ಹಾಗೆ ತಿದ್ದುತ್ತೇನೆ' ಅನ್ನುವುದು ಹಾಗಲ್ಲ. ಮುಗಿದಾಗ ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಕಡಿದುಹೋದ ಎಳೆಯನ್ನು ಮತ್ತೆ ಹೆಣೆಯುವುದು ಇಂಥ ಹಿಡಿತದ ಪುರಾವೆಗಳೇ. ತೆರೇಸಾ ಅಮಾಬಿಲೆ ಮತ್ತು ಸ್ಟೀವನ್ ಕ್ರೇಮರ್ ಏಳು ಕಂಪನಿಗಳ 238 ನೌಕರರಿಂದ ದಿನವೂ ಡೈರಿ ಬರೆಸಿ, ಸುಮಾರು 12,000 ಪುಟ್ಟ ದಾಖಲೆಗಳನ್ನು ಜಾಲಾಡಿದಾಗ ಕಂಡದ್ದೂ ಇದಕ್ಕೆ ಹತ್ತಿರದ್ದೇ. ಜನರಿಗೆ ಒಳಗಿನಿಂದ ಹುರುಪು ಇದ್ದ ದಿನಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ಕಂಡದ್ದು, ತಮಗೆ ಮುಖ್ಯ ಅನ್ನಿಸುವ ಕೆಲಸ ಒಂದು ಹೆಜ್ಜೆ ಮುಂದೆ ಹೋಗಿದ್ದು. ಆ ಹೆಜ್ಜೆ ಸಣ್ಣದಿದ್ದರೂ ಸಾಕಾಗಿತ್ತು.

ಶುರುವಿನ ಆ ಗೋಡೆಯನ್ನು ತಗ್ಗಿಸಲು ಇನ್ನೂ ಕೆಲವು ಉಪಾಯಗಳಿವೆ. ಯಾವಾಗ, ಎಲ್ಲಿ ಅಂತ ಮೊದಲೇ ಗಂಟು ಹಾಕಿಡುವುದು ಒಂದು. 'ಈ ವಾರ ಓಡಬೇಕು' ಅನ್ನುವ ಬದಲು 'ಬೆಳಗ್ಗೆ ಹಲ್ಲುಜ್ಜಿ ಬಂದ ತಕ್ಷಣ ಶೂ ಹಾಕಿಕೊಳ್ಳುತ್ತೇನೆ' ಅಂತ. ಪೀಟರ್ ಗೋಲ್ವಿಟ್ಸರ್ ಮತ್ತು ಜೊತೆಗಾರರೊಬ್ಬರು 1997ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ರಜೆಯಲ್ಲಿ ಒಂದು ವರದಿ ಬರೆದು ಕಳಿಸಬೇಕಿದ್ದ ವಿದ್ಯಾರ್ಥಿಗಳ ಪೈಕಿ ಯಾವಾಗ, ಎಲ್ಲಿ ಕೂತು ಬರೆಯುತ್ತೇವೆ ಅಂತ ಮೊದಲೇ ಗುರುತು ಹಾಕಿಕೊಂಡವರಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಮಂದಿ ಹೇಳಿದ ಹೊತ್ತಿಗೆ ಬರೆದು ಮುಗಿಸಿದರು. ಉಳಿದವರಲ್ಲಿ ಮುಗಿಸಿದ್ದು ಸುಮಾರು ಮೂರನೇ ಒಂದು ಪಾಲು. ಆಸೆ ಇಬ್ಬರಿಗೂ ಇತ್ತು. ಆದರೆ ಮೊದಲೇ ಗಂಟು ಹಾಕಿಟ್ಟವರು ಆ ಹೊತ್ತಿಗೆ ಮತ್ತೆ ಕೂತು 'ಮಾಡಲಾ ಬೇಡ್ವಾ' ಅಂತ ಚರ್ಚೆ ಮಾಡಬೇಕಾಗಲಿಲ್ಲ. ಹುರುಪಿಲ್ಲದ ದಿನ ಆ ಚರ್ಚೆಯಲ್ಲಿ ಗೆಲ್ಲುವುದು ಯಾವಾಗಲೂ 'ಬೇಡ'.

ಇನ್ನೊಂದು, ಅರ್ಧಕ್ಕೆ ನಿಲ್ಲಿಸುವುದು. ಇದು ನನಗೆ ತುಂಬಾ ಉಪಯೋಗಕ್ಕೆ ಬಂದದ್ದು. ಮರಿಯಾ ಒವ್ಸಿಯಾಂಕಿನಾ ಅನ್ನುವ ಮನಃಶಾಸ್ತ್ರಜ್ಞೆ 1928ರಲ್ಲೇ ತೋರಿಸಿದ ವಿಷಯ: ನಡುವೆ ತಡೆದು ನಿಲ್ಲಿಸಿದ ಕೆಲಸವನ್ನು ಜನ, ಯಾರೂ ಹೇಳದಿದ್ದರೂ, ಏನೂ ಸಿಗದಿದ್ದರೂ, ಅವಕಾಶ ಸಿಕ್ಕ ಕೂಡಲೇ ಹೆಚ್ಚಿನ ಸಲ ತಾವಾಗಿ ಮತ್ತೆ ಎತ್ತಿಕೊಳ್ಳುತ್ತಾರೆ. ಅದಕ್ಕೇ ಪೂರ್ತಿ ಸುಸ್ತಾಗುವ ತನಕ ಮಾಡಿ ಎದ್ದೇಳಬೇಡಿ. ಮುಂದಿನ ವಾಕ್ಯ ಏನು ಅಂತ ಗೊತ್ತಿರುವಾಗಲೇ ಪೆನ್ನು ಕೆಳಗಿಡಿ. ನಾಳೆ ಶುರು ಮಾಡುವ ಕಷ್ಟ ಅರ್ಧ ಕಡಿಮೆ.

ಒಬ್ಬರೇ ಮಾಡಬೇಕು ಅನ್ನುವ ಹಟವೂ ಬೇಡ. ಸ್ವಂತ ಹುರುಪು ಅಂದರೆ ಯಾರ ನೆರವೂ ಇಲ್ಲದೆ ಅಂತ ಅರ್ಥ ಅಲ್ಲ. ಡೆಸಿ ಮತ್ತು ರಿಚರ್ಡ್ ರಯಾನ್ ದಶಕಗಟ್ಟಲೆ ಕೆಲಸ ಮಾಡಿ ಹೇಳಿದ್ದು, ಒಳಗಿನ ಹುರುಪು ಮೂರು ವಿಷಯದ ಮೇಲೆ ಬದುಕುತ್ತದೆ ಅಂತ: ನಾನೇ ಆರಿಸಿಕೊಂಡೆ ಅನ್ನುವುದು, ನನಗೆ ಬರುತ್ತಿದೆ ಅನ್ನುವುದು, ನನ್ನವರು ಅನ್ನುವವರ ಜೊತೆಗಿರುವುದು. ನನ್ನ ವಿಷಯದಲ್ಲಿ ಮೂರನೆಯದು ಬಂದದ್ದು ಒಬ್ಬ ಗೆಳೆಯನಿಂದ. ವಾರಕ್ಕೊಮ್ಮೆ ಅವನು ಪಕ್ಕದಲ್ಲಿ ಕೂತು ತನ್ನ ಚಿತ್ರ ಬರೆಯುತ್ತಿದ್ದ, ನಾನು ಊದುತ್ತಿದ್ದೆ. ಚೆನ್ನಾಗಿತ್ತು ಅಂತಲೂ ಹೇಳುತ್ತಿರಲಿಲ್ಲ, ಕೆಟ್ಟದಾಗಿತ್ತು ಅಂತಲೂ ಇಲ್ಲ.

ತಪ್ಪಿದ ದಿನ

ತಪ್ಪುತ್ತದೆ. ನಾಲ್ಕು ದಿನ ಮಾಡಿ ಐದನೇ ದಿನ ಆಗುವುದಿಲ್ಲ. ನಿಜವಾದ ಅಪಾಯ ಇರುವುದು ಆ ಐದನೇ ದಿನ ರಾತ್ರಿ ನಮಗೆ ನಾವು ಹೇಳಿಕೊಳ್ಳುವ ಮಾತಿನಲ್ಲಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ 96 ಜನರನ್ನು ಹೊಸ ಅಭ್ಯಾಸವೊಂದನ್ನು ರೂಢಿಸಿಕೊಳ್ಳುವಾಗ ಗಮನಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಅಭ್ಯಾಸ ಬೇರೂರಲು ಹಿಡಿದದ್ದು ಸರಿಸುಮಾರು 66 ದಿನ, ಆದರೆ ಜನರಿಂದ ಜನರಿಗೆ 18 ದಿನದಿಂದ 254 ದಿನದವರೆಗೆ ವ್ಯತ್ಯಾಸ. 21 ದಿನ ಮಾಡಿದರೆ ಆಗಿಹೋಯಿತು ಅನ್ನುವ ಮಾತನ್ನು ನಂಬಿ, ಇಪ್ಪತ್ತೆರಡನೇ ದಿನ ಇನ್ನೂ ಕಷ್ಟವೇ ಇದೆಯಲ್ಲ ಅಂತ ಕೈಬಿಟ್ಟವರನ್ನು ನೆನೆದರೆ ನನಗೆ ಬೇಸರವಾಗುತ್ತದೆ. ಅದೇ ಅಧ್ಯಯನದಲ್ಲಿ ಕಂಡ ಇನ್ನೊಂದು ಮಾತು: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ.

ಬೈದುಕೊಂಡರೆ ಸರಿಹೋಗುತ್ತೇವೆ ಅನ್ನುವುದು ತುಂಬಾ ಗಟ್ಟಿಯಾದ ತಪ್ಪು ನಂಬಿಕೆ. ಮೈಕೆಲ್ ವೋಲ್ ಮತ್ತು ಜೊತೆಗಾರರು 2010ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ನೋಡಿದರು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ, ಹೋಗಲಿ ಅಂತ ತಮ್ಮನ್ನು ಕ್ಷಮಿಸಿಕೊಂಡವರೇ ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಯಾಕೆ ಅಂತ ಯೋಚಿಸಿದರೆ ಅರ್ಥವಾಗುತ್ತದೆ. ಬೈದುಕೊಂಡಷ್ಟೂ ಆ ಕೆಲಸದ ನೆನಪಿಗೇ ನೋವು ಅಂಟಿಕೊಳ್ಳುತ್ತದೆ, ಆಮೇಲೆ ಆ ನೋವಿನಿಂದ ತಪ್ಪಿಸಿಕೊಳ್ಳಲು ಕೆಲಸದಿಂದಲೇ ತಪ್ಪಿಸಿಕೊಳ್ಳುತ್ತೇವೆ. ನಾನು ಕಪಾಟಿನ ಬಾಗಿಲು ತೆಗೆಯುವುದನ್ನೇ ಕಡಿಮೆ ಮಾಡಿದ್ದು ಅದಕ್ಕೇ.

ಒಂದು ಮಾತು ಉಳಿದಿದೆ, ಯಾರೂ ಜಾಸ್ತಿ ಹೇಳದ್ದು. ಕೆಲವು ಸಲ ಹುರುಪು ಹೋಗಿರುವುದು ಆ ಕೆಲಸ ನಿಮಗೆ ಮುಗಿದಿರುವುದರಿಂದ. ಯಾರದೋ ಆಸೆಗೆ ಶುರು ಮಾಡಿದ್ದು, ಹತ್ತು ವರ್ಷದ ಹಿಂದಿನ ನೀವು ಆರಿಸಿದ್ದು, ಈಗಿನ ನಿಮಗೆ ಹೊಂದದ್ದು. ಇದನ್ನು ಕೂತು ಯೋಚಿಸಿ ಕಂಡುಹಿಡಿಯುವುದು ಕಷ್ಟ, ದಣಿದ ತಲೆಗೆ ಎಲ್ಲವೂ ಬೇಡ ಅನ್ನಿಸುತ್ತದೆ. ಸಣ್ಣದಾಗಿ, ಯಾರಿಗೂ ತೋರಿಸದೆ, ಒಂದೆರಡು ತಿಂಗಳು ಮಾಡಿ ನೋಡಿ. ಮಾಡುವಾಗ ಒಳಗೆ ಏನೋ ಸಣ್ಣಗೆ ಮಿಸುಕಾಡಿದರೆ ಅದು ಇನ್ನೂ ನಿಮ್ಮದು. ಅಷ್ಟು ದಿನ ಮಾಡಿಯೂ ಪ್ರತಿ ಸಲ ಮುಗಿದದ್ದಕ್ಕಷ್ಟೇ ನಿರಾಳ ಅನ್ನಿಸಿದರೆ, ಕೆಳಗಿಟ್ಟು ಬೇರೆಯದನ್ನು ಎತ್ತಿಕೊಳ್ಳಬಹುದು. ಅದು ಸೋಲಲ್ಲ.

ನನಗೆ ಮನಸ್ಸು ವಾಪಸ್ ಬಂದದ್ದು ಯಾವತ್ತು ಅಂತ ಸರಿಯಾಗಿ ಹೇಳಲು ಬರುವುದಿಲ್ಲ. ಐದು ಉಸಿರು ಹದಿನೈದಾಗಿ, ಒಂದು ಸ್ವರ ನಾಲ್ಕಾಗಿ, ನಡುವೆ ಎಷ್ಟೋ ದಿನ ತಪ್ಪಿ, ಏಳನೆಯದೋ ಎಂಟನೆಯದೋ ವಾರ ಇರಬೇಕು. ಸಂಜೆ ಪಾತ್ರೆ ತೊಳೆಯುತ್ತಿದ್ದೆ. ತಲೆಯಲ್ಲಿ ಏನೋ ಆಫೀಸಿನ ಯೋಚನೆ. ಕೈಯಲ್ಲಿದ್ದ ಉದ್ದನೆಯ ಲೋಟದ ಮೇಲೆ ಬೆರಳುಗಳು ಎದ್ದು ಕೂರುತ್ತಿರುವುದು ಕಂಡಿತು, ಮೇಲಿನದು ತೆರೆದು, ಕೆಳಗಿನದು ಮುಚ್ಚಿ, ಬೆಳಗ್ಗೆ ಅರ್ಧಕ್ಕೆ ಬಿಟ್ಟಿದ್ದ ಸಾಲು ಅದು. ನಲ್ಲಿ ನಿಲ್ಲಿಸಿ ಕೈ ಒರೆಸಿಕೊಂಡು ಕೋಣೆಗೆ ಹೋದೆ. ಕೊಳಲು ಮೇಜಿನ ಮೇಲೇ ಇತ್ತು.